ಚಳಿಗಾಲದಲ್ಲಿ ಇಬ್ಬರೇ ಸಣ್ಣ ಗುಡ್ಡ ಹತ್ತುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ದೊಡ್ಡ ಶಿಖರಗಳ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಮನೆಯಿಂದ ಹೊರಟು ಅರ್ಧ ದಿನದಲ್ಲಿ ಹತ್ತಿ ಇಳಿಯುವಂಥ ಗುಡ್ಡಗಳ ಬಗ್ಗೆ ಯಾರೂ ಅಷ್ಟಾಗಿ ಹೇಳುವುದಿಲ್ಲ. ಚಳಿಗಾಲದಲ್ಲಿ, ಜೊತೆಗೆ ಒಬ್ಬರೇ ಒಬ್ಬರನ್ನು ಕರೆದುಕೊಂಡು ಇಂಥ ಗುಡ್ಡ ಹತ್ತುವುದು ನನಗೆ ತುಂಬಾ ಇಷ್ಟ. ಈ ವಿಷಯದಲ್ಲಿ ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ.

ಸಣ್ಣ ಗುಡ್ಡ ಅಂದರೆ ಎಷ್ಟು ಎತ್ತರ?

ಇದಕ್ಕೆ ಎಲ್ಲರೂ ಒಪ್ಪಿದ ಅಳತೆ ಇಲ್ಲ. ಈ ಬರಹದ ಮಟ್ಟಿಗೆ, ಬುಡದಿಂದ ನೆತ್ತಿಗೆ 100ರಿಂದ 400 ಮೀಟರ್ ಏರು ಇರುವ ಗುಡ್ಡ ಅಂದುಕೊಳ್ಳಿ. ಹಗ್ಗ ಬೇಡ, ಬಂಡೆ ಹಿಡಿದು ಹತ್ತುವುದು ಬೇಡ, ಕಾಲುದಾರಿ ಇದ್ದರೆ ಸಾಕು. ನಕಾಶೆಯಲ್ಲಿ ಬರೆದಿರುವ ಎತ್ತರ ನೋಡಿ ಹೆದರಬೇಡಿ, ಅದು ಸಮುದ್ರ ಮಟ್ಟದಿಂದ ಲೆಕ್ಕ ಹಾಕಿದ್ದು. 900 ಮೀಟರ್ ಅಂತ ಬರೆದಿದ್ದರೂ ನೀವು ನಡೆಯಲು ಶುರು ಮಾಡುವ ಜಾಗವೇ 750 ಮೀಟರ್‌ನಲ್ಲಿದ್ದರೆ ಹತ್ತಬೇಕಾದದ್ದು 150 ಮೀಟರ್ ಮಾತ್ರ. ಕಾಲಿಗೆ ಲೆಕ್ಕ ಇರುವುದು ಆ ಏರಿನದೇ. ದಾರಿಯಲ್ಲಿ ಒಂದು ಸಲ ಇಳಿದು ಮತ್ತೆ ಹತ್ತಬೇಕು ಅಂತಿದ್ದರೆ ಅದನ್ನೂ ಸೇರಿಸಿಕೊಳ್ಳಿ.

ಹೋಗಿ ಹೋಗಿ ಚಳಿಗಾಲದಲ್ಲೇ ಯಾಕೆ? ಬೆಚ್ಚಗಿರುವ ದಿನಗಳಲ್ಲಿ ಹೋಗಬಾರದಾ?

ಖಂಡಿತ ಹೋಗಬಹುದು. ಆದರೆ ಹತ್ತುವ ಕೆಲಸಕ್ಕೆ ಚಳಿಯೇ ಒಳ್ಳೆಯದು. ಏರುವಾಗ ಮೈ ಹುಟ್ಟಿಸುವ ಶಾಖದಲ್ಲಿ ಬಹುಪಾಲು ಹೊರಗೆ ಹೋಗಬೇಕು. ಬಿಸಿಲಿನ ದಿನ ಅದು ಬೆವರಾಗಿ ಸುರಿಯುತ್ತದೆ. ತಣ್ಣನೆಯ ದಿನ ಅದೇ ಶಾಖ ನಿಮ್ಮನ್ನು ಹಿತವಾಗಿ ಬೆಚ್ಚಗಿಡುತ್ತದೆ.

ಎರಡನೆಯದು ನೋಟ. ಎಲೆ ಉದುರಿಸುವ ಮರಗಳಿರುವ ಕಡೆ ಚಳಿಗಾಲದಲ್ಲಿ ಕೊಂಬೆಗಳ ನಡುವಿನಿಂದ ಕೆಳಗಿನ ಬಯಲು ಕಾಣುತ್ತದೆ, ಬೇರೆ ಕಾಲದಲ್ಲಿ ಆ ದಾರಿಯೆಲ್ಲ ಎಲೆಗಳ ಗೋಡೆ. ಮಳೆ ಬಂದು ಹೋದ ಮಾರನೆಯ ದಿನ, ತಣ್ಣನೆಯ ಒಣ ಗಾಳಿ ಬೀಸುತ್ತಿದ್ದರಂತೂ ಎಷ್ಟು ದೂರ ಕಾಣುತ್ತದೆ ಅಂತ ನಂಬುವುದೇ ಕಷ್ಟ. ಸುತ್ತ ಬಯಲಿದ್ದರೆ, ಅದಕ್ಕಿಂತ 100 ಮೀಟರ್ ಎತ್ತರದಲ್ಲಿ ನಿಂತವರಿಗೆ ದಿಗಂತ ಸುಮಾರು 36 ಕಿಲೋಮೀಟರ್ ದೂರದಲ್ಲಿರುತ್ತದೆ. 300 ಮೀಟರ್ ಆದರೆ ಸುಮಾರು 62 ಕಿಲೋಮೀಟರ್. ಎತ್ತರ ಮೂರು ಪಟ್ಟಾದರೂ ದೂರ ಮೂರು ಪಟ್ಟಾಗಲಿಲ್ಲ, ಗಮನಿಸಿದಿರಾ? ಮೊದಲ ನೂರು ಮೀಟರ್ ಕೊಡುವಷ್ಟು ಲಾಭವನ್ನು ಆಮೇಲಿನ ಯಾವ ನೂರು ಮೀಟರೂ ಕೊಡುವುದಿಲ್ಲ. ಸಣ್ಣ ಗುಡ್ಡದ ಬಗ್ಗೆ ನನಗಿರುವ ಅಭಿಮಾನಕ್ಕೆ ಇದೂ ಒಂದು ಕಾರಣ.

ಮೂರನೆಯದು ಹಗಲು. ಚಳಿಗಾಲದ ಹಗಲು ಚಿಕ್ಕದು. ಅದರೊಳಗೆ ದೊಡ್ಡ ಬೆಟ್ಟ ಹಿಡಿಸುವುದಿಲ್ಲ, ಸಣ್ಣ ಗುಡ್ಡ ಆರಾಮಾಗಿ ಹಿಡಿಸುತ್ತದೆ.

ಹತ್ತಿ ಇಳಿಯಲು ಎಷ್ಟು ಹೊತ್ತು ಬೇಕು?

1892ರಲ್ಲಿ ವಿಲಿಯಂ ನೇಸ್ಮಿತ್ ಎಂಬ ಸ್ಕಾಟ್ಲೆಂಡಿನ ಬೆಟ್ಟಗಾರರು ಕೊಟ್ಟ ಒಂದು ಸರಳ ಲೆಕ್ಕ ಇವತ್ತಿಗೂ ಬಳಕೆಯಲ್ಲಿದೆ. ಈಗಿನ ಅಳತೆಯಲ್ಲಿ ಹೇಳುವುದಾದರೆ, ಐದು ಕಿಲೋಮೀಟರ್ ನಡಿಗೆಗೆ ಒಂದು ಗಂಟೆ, ಅದರ ಮೇಲೆ ಪ್ರತಿ 100 ಮೀಟರ್ ಏರಿಗೆ ಹತ್ತು ನಿಮಿಷ. ಹೋಗಿ ಬರಲು ಆರು ಕಿಲೋಮೀಟರ್ ದಾರಿ, 300 ಮೀಟರ್ ಏರು ಇದೆ ಅಂದುಕೊಳ್ಳಿ. ನಡಿಗೆಗೆ 72 ನಿಮಿಷ, ಏರಿಗೆ 30 ನಿಮಿಷ, ಒಟ್ಟು 102 ನಿಮಿಷ.

ಆದರೆ ಇದು ಚೆನ್ನಾಗಿ ನಡೆಯುವವರು ಎಲ್ಲೂ ನಿಲ್ಲದೆ ನಡೆದರೆ ಬರುವ ಲೆಕ್ಕ. ಇದರಲ್ಲಿ ಕೂತು ಸುಧಾರಿಸಿಕೊಳ್ಳುವುದಿಲ್ಲ, ಜಾಕೆಟ್ ತೆಗೆದು ಚೀಲಕ್ಕೆ ತುರುಕುವುದಿಲ್ಲ, ಹಕ್ಕಿ ನೋಡುತ್ತಾ ನಿಲ್ಲುವುದಿಲ್ಲ, ನೆತ್ತಿಯಲ್ಲಿ ಅರ್ಧ ಗಂಟೆ ಹರಟುವುದೂ ಇಲ್ಲ. ಜೊತೆಗಾರರಿದ್ದಾಗ ಇದೆಲ್ಲ ಇರಲೇಬೇಕು ಅಲ್ವಾ? ಹಾಗಾಗಿ ಬಂದ ಉತ್ತರವನ್ನು ಒಂದೂವರೆಯಿಂದ ಗುಣಿಸಿ. ಮೇಲಿನ ಗುಡ್ಡಕ್ಕೆ ಎರಡೂವರೆ ಗಂಟೆ ಆಯಿತು. ದಾರಿ ಒದ್ದೆಯಾಗಿದ್ದರೆ, ಹಿಮ ಬಿದ್ದಿದ್ದರೆ, ಅಥವಾ ನಿಮ್ಮಲ್ಲೊಬ್ಬರು ಮೊದಲ ಸಲ ಬರುತ್ತಿದ್ದರೆ ಎರಡು ಪಟ್ಟು ಇಟ್ಟುಕೊಳ್ಳಿ. ಇಬ್ಬರಲ್ಲಿ ನಿಧಾನವಾಗಿ ನಡೆಯುವವರ ವೇಗವೇ ಲೆಕ್ಕಕ್ಕೆ. ಬೇಗ ನಡೆಯುವವರು ಒಬ್ಬರೇ ಹೋದಾಗ ಎಷ್ಟು ಹೊತ್ತಾಯಿತು ಅನ್ನುವುದು ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಬೆಳಗಿನ ಜಾವ ಹೊರಡುವುದಾ, ಮಧ್ಯಾಹ್ನವಾ?

ಬೆಳಿಗ್ಗೆ. ಆದರೆ ಕತ್ತಲಲ್ಲೇ ಏಳಲೇಬೇಕು ಅಂತೇನಿಲ್ಲ. ನಿಶ್ಚಲವಾದ ರಾತ್ರಿಯ ನಂತರ ಅತಿ ಹೆಚ್ಚು ಚಳಿ ಇರುವುದು ಸಾಮಾನ್ಯವಾಗಿ ಸೂರ್ಯ ಹುಟ್ಟುವ ಹೊತ್ತಿಗೆ ಮತ್ತು ಅದಾದ ಸ್ವಲ್ಪ ಹೊತ್ತಿನವರೆಗೆ. ರಾತ್ರಿಯೆಲ್ಲ ಶಾಖ ಕಳೆದುಕೊಂಡ ನೆಲ ಮತ್ತೆ ಬಿಸಿಯಾಗಲು ಸಮಯ ಬೇಕು. ಸೂರ್ಯ ಬಂದು ಒಂದು ಗಂಟೆ ಬಿಟ್ಟು ಹೊರಟರೆ ದಾರಿ ಕಣ್ಣಿಗೆ ಕಾಣುತ್ತದೆ, ಜೊತೆಗಾರರ ಮುಖವೂ ಅರಳಿರುತ್ತದೆ.

ಹೊರಡುವ ಹೊತ್ತಿಗಿಂತ ವಾಪಸು ತಿರುಗುವ ಹೊತ್ತು ಮುಖ್ಯ. ಅವತ್ತಿನ ಸೂರ್ಯಾಸ್ತದ ಸಮಯ ಮೊದಲೇ ನೋಡಿಕೊಳ್ಳಿ. ಅದರಿಂದ ಇಳಿಯಲು ಬೇಕಾದ ಹೊತ್ತು ಕಳೆಯಿರಿ, ಇನ್ನೊಂದು ಗಂಟೆ ಕಳೆಯಿರಿ. ಅದೇ ನಿಮ್ಮ ಗಡುವು. ನೆತ್ತಿ ಸಿಕ್ಕಿರಲಿ ಬಿಡಲಿ, ಆ ಹೊತ್ತಿಗೆ ತಿರುಗಬೇಕು. ಇದನ್ನು ಕೆಳಗಿರುವಾಗಲೇ ಇಬ್ಬರೂ ಮಾತಾಡಿ ಒಪ್ಪಿಕೊಂಡಿರಿ. ಮೇಲೆ ಹೋದ ಮೇಲೆ ನೆತ್ತಿ ಹತ್ತಿರ ಕಾಣುತ್ತದೆ, ಗಡಿಯಾರ ಹಿಂದೆ ಬೀಳುತ್ತದೆ.

ಸೂರ್ಯ ಮುಳುಗಿದ ಮೇಲೂ ಸ್ವಲ್ಪ ಬೆಳಕಿರುತ್ತದೆ, ನಿಜ. ಸೂರ್ಯ ದಿಗಂತದಿಂದ 6 ಡಿಗ್ರಿ ಕೆಳಗೆ ಇಳಿಯುವವರೆಗಿನ ಆ ಮುಸ್ಸಂಜೆ ಸಮಭಾಜಕ ವೃತ್ತದ ಹತ್ತಿರ 20-25 ನಿಮಿಷದಲ್ಲಿ ಮುಗಿದುಹೋಗುತ್ತದೆ, ಧ್ರುವಗಳ ಕಡೆ ಹೋದಂತೆ ಉದ್ದವಾಗುತ್ತದೆ. ಆದರೆ ಮರಗಳ ಕೆಳಗೆ, ಗುಡ್ಡದ ನೆರಳಿನ ಬದಿಯಲ್ಲಿ ಅದಕ್ಕೂ ಮೊದಲೇ ಕತ್ತಲು. ಎಷ್ಟೇ ಬೇಗ ಹೊರಟಿದ್ದರೂ ಒಬ್ಬೊಬ್ಬರ ಬಳಿಯೂ ಒಂದೊಂದು ಟಾರ್ಚ್ ಇರಲಿ. ಇಬ್ಬರಿಗೆ ಒಂದೇ ಟಾರ್ಚ್ ಅಂದರೆ ಹಿಂದೆ ಬರುವವರು ಮುಂದಿನವರ ನೆರಳಿನಲ್ಲಿ ಕಾಲಿಡಬೇಕಾಗುತ್ತದೆ. ತಲೆಗೆ ಕಟ್ಟುವ ಹೆಡ್‌ಲ್ಯಾಂಪ್ ಆದರೆ ಇನ್ನೂ ಒಳ್ಳೆಯದು, ಕೈ ಖಾಲಿ ಇರುತ್ತದೆ.

ನಾನು ಬೇಗ ಹತ್ತುತ್ತೇನೆ, ನನ್ನ ಜೊತೆಗಾರರು ನಿಧಾನ (ಅಥವಾ ಅದರ ಉಲ್ಟಾ). ಏನು ಮಾಡುವುದು?

ಅತಿ ಹೆಚ್ಚು ಜನ ಕೇಳುವ ಪ್ರಶ್ನೆ ಇದು. ಎಷ್ಟೋ ಜೋಡಿಗಳು ಎರಡನೆಯ ಸಲ ಒಟ್ಟಿಗೆ ಗುಡ್ಡಕ್ಕೆ ಹೋಗದೇ ಇರಲು ಕಾರಣವೂ ಇದೇ.

ಸಾಮಾನ್ಯವಾಗಿ ಏನಾಗುತ್ತದೆ ನೋಡಿ. ಬೇಗ ನಡೆಯುವವರು ಮುಂದೆ ಹೋಗಿ ಒಂದು ಬಂಡೆಯ ಮೇಲೆ ಕಾಯುತ್ತಾರೆ. ಹಿಂದಿನವರು ಏದುಸಿರು ಬಿಡುತ್ತಾ ಅಲ್ಲಿಗೆ ಬಂದು ತಲುಪುತ್ತಾರೆ. ತಲುಪಿದ ಕೂಡಲೇ, ಅಷ್ಟು ಹೊತ್ತು ಕೂತು ಸುಧಾರಿಸಿಕೊಂಡವರು "ಸರಿ, ಹೋಗೋಣ" ಅಂತ ಎದ್ದುಬಿಡುತ್ತಾರೆ. ಅಂದರೆ ವಿಶ್ರಾಂತಿ ಬೇಡದವರಿಗೆ ಐದು ನಿಮಿಷ ಸಿಕ್ಕಿತು, ಬೇಕಾದವರಿಗೆ ಒಂದು ನಿಮಿಷವೂ ಸಿಗಲಿಲ್ಲ. ಇದೇ ಆರೇಳು ಸಲ ಆದರೆ ಯಾರಿಗಾದರೂ ಅಳು ಬರುತ್ತದೆ. ಚಳಿಗಾಲದಲ್ಲಿ ಇದಕ್ಕೆ ಇನ್ನೊಂದು ತೊಂದರೆಯೂ ಸೇರಿಕೊಳ್ಳುತ್ತದೆ. ಬೆವರಿದ ಮೈಯಲ್ಲಿ ಕಾಯುತ್ತಾ ಕೂತವರಿಗೆ ಚಳಿ ಹಿಡಿಯುತ್ತದೆ, ಓಡೋಡಿ ಹತ್ತಿ ಬಂದವರಿಗೆ ಬಟ್ಟೆ ಒದ್ದೆಯಾಗುತ್ತದೆ. ಇಬ್ಬರಿಗೂ ನಷ್ಟ.

ಇದಕ್ಕೆ ದಾರಿ ಸರಳ. ನಿಧಾನದವರು ಮುಂದೆ ನಡೆಯಲಿ, ಬೇಗದವರು ಹಿಂದೆ. ಹೆಜ್ಜೆಯನ್ನು ಮುಂದಿನವರು ಗೊತ್ತು ಮಾಡಲಿ. ಹಿಂದೆ ಇರುವವರು ಅವರ ಹಿಮ್ಮಡಿ ತುಳಿಯುವಷ್ಟು ಹತ್ತಿರ ಬರಬಾರದು, ನಾಲ್ಕೈದು ಹೆಜ್ಜೆ ಬಿಟ್ಟು ನಡೆಯಬೇಕು. ಭಾರದ ವಸ್ತುಗಳೆಲ್ಲ ಬೇಗದವರ ಚೀಲದಲ್ಲಿರಲಿ. ನೀರು, ಫ್ಲಾಸ್ಕ್, ಇಬ್ಬರ ಜಾಕೆಟ್ಟುಗಳು, ಎಲ್ಲವೂ. ಆಗ ವೇಗದ ವ್ಯತ್ಯಾಸ ತಾನಾಗಿಯೇ ಕಡಿಮೆಯಾಗುತ್ತದೆ, ಯಾರೂ ಯಾರಿಗೂ ಏನೂ ಹೇಳಬೇಕಾಗಿಲ್ಲ.

ಸರಿಯಾದ ವೇಗ ಯಾವುದು ಅಂತ ತಿಳಿಯಲು ಮಾತಾಡಿ ನೋಡಿ. ಪೂರ್ತಿ ವಾಕ್ಯ ಹೇಳಲು ಆಗುತ್ತಿದೆ, ಆದರೆ ಹಾಡಲು ಆಗುವುದಿಲ್ಲ ಅಂದರೆ ಅದು ಮಧ್ಯಮ ಮಟ್ಟದ ಶ್ರಮ, ಗಂಟೆಗಟ್ಟಲೆ ನಡೆಯಬಹುದು. ಎರಡು ಪದಕ್ಕೊಮ್ಮೆ ಉಸಿರು ತೆಗೆದುಕೊಳ್ಳಬೇಕಾದರೆ ವೇಗ ಜಾಸ್ತಿಯಾಯಿತು. ಈ ಪರೀಕ್ಷೆ ನಿಧಾನದವರಿಗೆ ಮಾಡಬೇಕು.

ಇನ್ನೊಂದು ವಿಷಯ, "ಇನ್ನೇನು ಬಂತು, ಅಲ್ಲೇ ಇದೆ" ಅಂತ ಸುಳ್ಳು ಸಮಾಧಾನ ಹೇಳಬೇಡಿ. ಸಣ್ಣ ಗುಡ್ಡಗಳಲ್ಲಿ ಕೆಳಗಿನಿಂದ ನೆತ್ತಿಯಂತೆ ಕಾಣುವ ಉಬ್ಬುಗಳು ತುಂಬಾ ಇರುತ್ತವೆ. ಅದನ್ನು ಹತ್ತಿದರೆ ಆಚೆ ಇನ್ನೊಂದು. ಉಳಿದಿರುವುದು ಎಷ್ಟು ಅಂತ ಗೊತ್ತಿದ್ದರೆ ಇದ್ದ ಹಾಗೆ ಹೇಳಿ. ಇನ್ನೂ 80 ಮೀಟರ್ ಏರು ಇದೆ ಅಂತ ಗೊತ್ತಾದವರು ತಮ್ಮ ಶಕ್ತಿಯನ್ನು ತಾವೇ ಹಂಚಿಕೊಳ್ಳುತ್ತಾರೆ.

ದಾರಿಯುದ್ದಕ್ಕೂ ಮಾತಾಡುತ್ತಲೇ ಇರಬೇಕಾ?

ಬೇಡ. ಕಡಿದಾದ ಕಡೆ ಉಸಿರು ಉಳಿಸಿಕೊಳ್ಳಿ, ದಾರಿ ಸಮವಾದ ಮೇಲೆ ಮಾತು ತಾನಾಗಿ ಬರುತ್ತದೆ. ಎದುರು ಬದುರು ಕೂತಾಗ ಬಾಯಿಗೆ ಬಾರದ ವಿಷಯಗಳು ಇಬ್ಬರೂ ಮುಂದೆ ನೋಡುತ್ತಾ ನಡೆಯುವಾಗ ಸಲೀಸಾಗಿ ಬರುತ್ತವೆ. ನಡುವೆ ಕಾಲು ಗಂಟೆ ಯಾರೂ ಮಾತಾಡದಿದ್ದರೂ ಅದು ಯಾರಿಗೂ ಭಾರ ಅನ್ನಿಸುವುದಿಲ್ಲ. ಫೋನಿನಲ್ಲಿ ಹಾಡು ಹಾಕಿಕೊಂಡು ಹೋಗುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಜೊತೆಯವರು ಜಾರಿದರೂ ಕೇಳಿಸುವುದಿಲ್ಲ.

ಏನು ಬಟ್ಟೆ ಹಾಕಿಕೊಳ್ಳಬೇಕು?

ಒಂದು ದಪ್ಪ ಕೋಟಿನ ಬದಲು ಎರಡು ಮೂರು ತೆಳುವಾದ ಪದರ. ಮೈಗೆ ತಾಗಿ ಬೆವರು ಹೀರಿ ಹೊರಗೆ ಬಿಡುವಂಥದ್ದು, ಅದರ ಮೇಲೆ ಉಣ್ಣೆಯದೋ ಫ್ಲೀಸಿನದೋ ಬೆಚ್ಚನೆಯದು, ಎಲ್ಲಕ್ಕಿಂತ ಮೇಲೆ ಗಾಳಿ ಮತ್ತು ಮಳೆ ತಡೆಯುವ ತೆಳು ಜಾಕೆಟ್. ಬೆಚ್ಚಗಿಡುವುದು ಬಟ್ಟೆಗಿಂತ ಹೆಚ್ಚಾಗಿ ಅದರೊಳಗೆ ಸಿಕ್ಕಿಕೊಂಡ ಗಾಳಿ, ಹಾಗಾಗಿ ಬಿಗಿಯಾಗಿ ಹಾಕಿಕೊಳ್ಳಬೇಡಿ.

ಚಳಿಗೆ ಹತ್ತಿ ಬಟ್ಟೆ ಬೇಡ. ಹತ್ತಿ ನೀರನ್ನು ಹಿಡಿದುಕೊಳ್ಳುತ್ತದೆ, ಬೇಗ ಒಣಗುವುದಿಲ್ಲ. ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ. ಬೆವರಿನಿಂದ ಒದ್ದೆಯಾದ ಹತ್ತಿ ಬನಿಯನ್ ಬೆನ್ನಿಗೆ ಅಂಟಿಕೊಂಡು ನೆತ್ತಿಯಲ್ಲಿ ಗಾಳಿ ಬೀಸಿದರೆ ಹೇಗಿರುತ್ತದೆ ಅಂತ ಒಂದು ಸಲ ಅನುಭವಿಸಿದವರು ಮತ್ತೆ ಹಾಕುವುದಿಲ್ಲ. ಉಣ್ಣೆ ಒದ್ದೆಯಾದರೂ ಸ್ವಲ್ಪ ಬೆಚ್ಚಗಿರುತ್ತದೆ.

ಬಟ್ಟೆ ಯಾವುದು ಅನ್ನುವುದಕ್ಕಿಂತ ಯಾವಾಗ ತೆಗೆಯುವುದು, ಯಾವಾಗ ಹಾಕುವುದು ಅನ್ನುವುದು ದೊಡ್ಡ ವಿಷಯ. ಹೊರಡುವಾಗ ಸ್ವಲ್ಪ ಚಳಿ ಅನ್ನಿಸುತ್ತಿರಬೇಕು. ಹತ್ತು ನಿಮಿಷದಲ್ಲಿ ಸರಿಹೋಗುತ್ತದೆ. ಬೆವರು ಬಂದ ಮೇಲೆ ಅಲ್ಲ, ಬರುವ ಮೊದಲು ಒಂದು ಪದರ ತೆಗೆಯಿರಿ. ನೆತ್ತಿ ಮುಟ್ಟಿದ ತಕ್ಷಣ, ಇನ್ನೂ ಮೈ ಬಿಸಿ ಇರುವಾಗಲೇ, ಜಾಕೆಟ್ ಹಾಕಿಕೊಳ್ಳಿ. ಫೋಟೋ ಆಮೇಲೆ. ಈ ವಿಷಯದಲ್ಲಿ ಇಬ್ಬರೂ ಒಬ್ಬರಿಗೊಬ್ಬರು ನೆನಪಿಸಬೇಕು, ಯಾಕೆಂದರೆ ತನಗೆ ಚಳಿಯಾಗುತ್ತಿದೆ ಅಂತ ಗೊತ್ತಾಗುವುದು ತಡವಾಗಿ.

ಟೋಪಿ, ಕೈಗವಸು, ಕತ್ತಿಗೆ ಮಫ್ಲರ್ ಇರಲಿ. ಮೈಶಾಖದ ಅರ್ಧದಷ್ಟು ತಲೆಯಿಂದಲೇ ಹೋಗುತ್ತದೆ ಅನ್ನುವ ಮಾತು ಸುಳ್ಳು. ಮೈಯಲ್ಲಿ ತಲೆಯ ಪಾಲು ಎಷ್ಟಿದೆಯೋ ಹೆಚ್ಚುಕಡಿಮೆ ಅಷ್ಟೇ, ಶೇಕಡಾ ಹತ್ತರ ಆಸುಪಾಸು. ಆದರೂ ಟೋಪಿ ಬೇಕು, ಯಾಕೆಂದರೆ ಉಳಿದ ಮೈಯೆಲ್ಲ ಮುಚ್ಚಿದಾಗ ಗಾಳಿಗೆ ಬಿಟ್ಟಿರುವುದು ಅದೊಂದೇ.

ಸಣ್ಣ ಗುಡ್ಡ ತಾನೇ, ಮೇಲೆ ಅಷ್ಟೊಂದು ಚಳಿ ಇರುತ್ತದಾ?

ಎತ್ತರದಿಂದ ಆಗುವ ವ್ಯತ್ಯಾಸ ಕಡಿಮೆಯೇ. ಸರಾಸರಿ ಲೆಕ್ಕದಲ್ಲಿ ಪ್ರತಿ 1000 ಮೀಟರಿಗೆ ಆರೂವರೆ ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ, 300 ಮೀಟರಿಗೆ ಎರಡು ಡಿಗ್ರಿ. ಮೋಸ ಮಾಡುವುದು ಗಾಳಿ. ಕೆಳಗೆ ಮನೆ, ಮರಗಳು ಗಾಳಿ ತಡೆಯುತ್ತವೆ, ಬೋಳು ನೆತ್ತಿಯಲ್ಲಿ ತಡೆಯಲು ಏನೂ ಇಲ್ಲ. 5 ಡಿಗ್ರಿ ಇರುವಾಗ ಗಂಟೆಗೆ 30 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ ಮುಖಕ್ಕೆ 0 ಡಿಗ್ರಿಯಂತೆ ತಾಗುತ್ತದೆ. 0 ಡಿಗ್ರಿ ಇದ್ದರೆ ಅದೇ ಗಾಳಿ ಮೈನಸ್ 6ರಂತೆ. ಹವಾಮಾನ ವರದಿಯಲ್ಲಿ ಉಷ್ಣಾಂಶ ಒಂದನ್ನೇ ನೋಡಿ ಹೊರಡಬೇಡಿ, ಗಾಳಿಯ ವೇಗ ನೋಡಿ.

ಕೆಲವು ದಿನ ಇದಕ್ಕೆ ತದ್ವಿರುದ್ಧವೂ ಆಗುತ್ತದೆ. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ, ಅದಕ್ಕೆ ತಾಗಿದ ಗಾಳಿ ತಣ್ಣಗಾಗಿ ಭಾರವಾಗುತ್ತದೆ, ಇಳಿಜಾರಿನಲ್ಲಿ ಜಾರಿಕೊಂಡು ಕಣಿವೆಯಲ್ಲಿ ಸೇರಿಕೊಳ್ಳುತ್ತದೆ. ಬೆಳಿಗ್ಗೆ ಕೆಳಗೆ ಗಡಗಡ ನಡುಗುವ ಚಳಿ, ಮಂಜು, ಹೊಗೆ. ನೂರೈವತ್ತು ಮೀಟರ್ ಹತ್ತಿದರೆ ಬಿಸಿಲು, ಬೆಚ್ಚನೆಯ ಗಾಳಿ, ಕೆಳಗೆ ಬಿಳಿ ಮಂಜಿನ ಬಯಲು. ಕಿಟಕಿಯಾಚೆ ಮಂಜು ನೋಡಿ ಇವತ್ತು ಬೇಡ ಅಂತ ಮಲಗುವ ಮುನ್ನ ಗುಡ್ಡದ ಮೇಲೆ ಹೇಗಿದೆ ಅಂತ ಒಮ್ಮೆ ವಿಚಾರಿಸಿ.

ನೆತ್ತಿಯಲ್ಲಿ ಮಂಜಿನ ಮೇಲೆ ನಮ್ಮ ನೆರಳು ಬಿದ್ದು, ತಲೆಯ ಸುತ್ತ ಬಣ್ಣದ ಉಂಗುರ ಕಾಣಿಸಿತು. ಅದೇನು?

ನಿಮಗೆ ಸಿಕ್ಕಿದ್ದು ಭಾಗ್ಯ. ಬೆನ್ನ ಹಿಂದೆ ತಗ್ಗಿನಲ್ಲಿ ಸೂರ್ಯ, ಎದುರಿಗೆ ಕೆಳಗೆ ಮಂಜು ಇದ್ದಾಗ ಹೀಗಾಗುತ್ತದೆ. ಜರ್ಮನಿಯ ಹಾರ್ಜ್ ಬೆಟ್ಟಸಾಲಿನಲ್ಲಿ 1141 ಮೀಟರ್ ಎತ್ತರದ ಬ್ರಾಕೆನ್ ಅನ್ನುವ ಬೆಟ್ಟವಿದೆ, ಆ ದೈತ್ಯ ನೆರಳಿಗೆ ಅದರ ಹೆಸರಿನಿಂದಲೇ ಬ್ರಾಕೆನ್ ಭೂತ ಅನ್ನುತ್ತಾರೆ. ಮಂಜಿನ ಹನಿಗಳು ಬೆಳಕನ್ನು ಬಂದ ದಿಕ್ಕಿಗೇ ಹಿಂದಕ್ಕೆ ಕಳಿಸುವಾಗ ಬಣ್ಣದ ಉಂಗುರ ಮೂಡುತ್ತದೆ.

ಇಬ್ಬರು ಅಕ್ಕಪಕ್ಕ ನಿಂತು ನೋಡಿದರೆ ಒಂದು ವಿಶೇಷ ಇದೆ. ಇಬ್ಬರ ನೆರಳೂ ಇಬ್ಬರಿಗೂ ಕಾಣಬಹುದು, ಆದರೆ ಉಂಗುರ ಮಾತ್ರ ಪ್ರತಿಯೊಬ್ಬರಿಗೂ ತಮ್ಮ ತಲೆಯ ಸುತ್ತಲೇ ಕಾಣುತ್ತದೆ. ನೀವು ಒಬ್ಬರೇ ಇದ್ದರೆ ಇದು ಗೊತ್ತಾಗುವುದೇ ಇಲ್ಲ. ಪಕ್ಕದವರನ್ನು ಕೇಳಿ ನೋಡಿ, ಇಲ್ಲ ಉಂಗುರ ನನ್ನ ತಲೆಗೇ ಇದೆ ಅನ್ನುತ್ತಾರೆ. 1894ರಲ್ಲಿ ಸಿ. ಟಿ. ಆರ್. ವಿಲ್ಸನ್ ಎಂಬ ವಿಜ್ಞಾನಿ ಸ್ಕಾಟ್ಲೆಂಡಿನ ಬೆನ್ ನೆವಿಸ್ ಬೆಟ್ಟದ ವೀಕ್ಷಣಾಲಯದಲ್ಲಿದ್ದಾಗ ಈ ಉಂಗುರಗಳನ್ನು ನೋಡಿ ಮರುಳಾದರು. ಪ್ರಯೋಗಾಲಯದಲ್ಲೇ ಮೋಡ ಮಾಡಿ ನೋಡೋಣ ಅಂತ ಹೊರಟವರು ಕಡೆಗೆ ಕಣಗಳ ಜಾಡು ತೋರಿಸುವ ಕ್ಲೌಡ್ ಚೇಂಬರ್ ಕಟ್ಟಿದರು, 1927ರಲ್ಲಿ ನೊಬೆಲ್ ಪ್ರಶಸ್ತಿಯೂ ಬಂತು.

ಮಂಜು ಕವಿದು ದಾರಿ ಕಾಣದಿದ್ದರೆ?

ಮೊದಲು, ಇಬ್ಬರೂ ಕೈಗೆಟುಕುವಷ್ಟು ಹತ್ತಿರ ಬನ್ನಿ. "ನೀನು ಇಲ್ಲೇ ಇರು, ನಾನು ಮುಂದೆ ಹೋಗಿ ದಾರಿ ನೋಡಿ ಬರುತ್ತೇನೆ" ಅನ್ನುವುದು ಬೇಡವೇ ಬೇಡ. ಇಬ್ಬರೂ ಬೇರೆಯಾಗುವುದು ಹೆಚ್ಚಾಗಿ ಹೀಗೆಯೇ. ಬಂದ ದಾರಿ ಗೊತ್ತಿದ್ದರೆ ಅದರಲ್ಲೇ ಇಳಿಯಿರಿ, ಹೊಸ ಅಡ್ಡದಾರಿ ಹುಡುಕಬೇಡಿ.

ಫೋನಿಗೆ ನೆಟ್‌ವರ್ಕ್ ಇಲ್ಲದಿದ್ದರೂ ಜಿಪಿಎಸ್ ಕೆಲಸ ಮಾಡುತ್ತದೆ. ಅದು ಉಪಗ್ರಹಗಳಿಂದ ಬರುವ ಸಂಕೇತವನ್ನು ಸುಮ್ನೆ ಕೇಳಿಸಿಕೊಳ್ಳುತ್ತದೆ ಅಷ್ಟೇ, ಟವರ್ ಬೇಕಿಲ್ಲ. ಆದರೆ ನಕಾಶೆ ಮೊದಲೇ ಡೌನ್‌ಲೋಡ್ ಆಗಿರಬೇಕು, ಇಲ್ಲದಿದ್ದರೆ ಖಾಲಿ ಪರದೆಯ ಮೇಲೆ ಒಂದು ಚುಕ್ಕೆ ಮಾತ್ರ ಕಾಣುತ್ತದೆ. ಲಿಥಿಯಂ ಬ್ಯಾಟರಿ ಚಳಿಗೆ ಬೇಗ ಸೋಲುತ್ತದೆ. ಒಳಗಿನ ರಾಸಾಯನಿಕ ಕ್ರಿಯೆ ನಿಧಾನವಾಗಿ, ಚಾರ್ಜ್ ಇದ್ದಂತೆ ತೋರಿಸುತ್ತಿದ್ದ ಫೋನು ದಿಢೀರ್ ಆಫ್ ಆಗಬಹುದು. ಫೋನನ್ನು ಒಳ ಜೇಬಿನಲ್ಲಿ, ಮೈಗೆ ತಾಗಿ ಇಟ್ಟುಕೊಳ್ಳಿ. ಒಬ್ಬರು ಫೋಟೋ ತೆಗೆಯಲಿ, ಇನ್ನೊಬ್ಬರ ಫೋನು ದಾರಿಗಾಗಿ ಉಳಿದಿರಲಿ.

ಇಬ್ಬರ ಬಳಿಯೂ ಸೀಟಿ ಇರಲಿ. ಬೆಟ್ಟಗಳಲ್ಲಿ ಸಹಾಯ ಬೇಡುವ ಹಳೆಯ ಪದ್ಧತಿ ಎಂದರೆ ಒಂದು ನಿಮಿಷದಲ್ಲಿ ಆರು ಸಲ ಊದುವುದು, ಒಂದು ನಿಮಿಷ ನಿಲ್ಲಿಸುವುದು, ಮತ್ತೆ ಆರು. ಕೇಳಿಸಿಕೊಂಡವರು ನಿಮಿಷಕ್ಕೆ ಮೂರರಂತೆ ಉತ್ತರ ಕೊಡುತ್ತಾರೆ. ಟಾರ್ಚ್ ಬೆಳಕಿನಲ್ಲೂ ಇದನ್ನೇ ಮಾಡಬಹುದು.

ಒಬ್ಬರು "ವಾಪಸು ಹೋಗೋಣ" ಅಂದರೆ, ಇನ್ನೊಬ್ಬರಿಗೆ ಇನ್ನೂ ಹತ್ತಬೇಕು ಅನ್ನಿಸಿದರೆ?

ವಾಪಸು ಹೋಗಬೇಕು. ಚರ್ಚೆ ಬೇಡ, ಕಾರಣ ಕೇಳುವುದೂ ಬೇಡ.

ಕಠಿಣ ಅನ್ನಿಸಬಹುದು. ಆದರೆ ಯೋಚಿಸಿ. "ಸಾಕು" ಅನ್ನುವ ಮಾತು ಯಾರ ಬಾಯಿಂದಲೂ ಸುಲಭವಾಗಿ ಬರುವುದಿಲ್ಲ. ಜೊತೆಗಾರರ ದಿನ ಹಾಳು ಮಾಡುತ್ತೇನೇನೋ ಅಂತ ತುಂಬಾ ಹೊತ್ತು ತಡೆದುಕೊಂಡು, ಆಮೇಲೆ ಹೇಳಿರುತ್ತಾರೆ. ಅವರು ಹೇಳುವ ಹೊತ್ತಿಗೆ ನಿಜವಾಗಿಯೂ ಸಾಕಾಗಿರುತ್ತದೆ. ಅದರ ಮೇಲೆ ಒತ್ತಾಯ ಮಾಡಿ ಹತ್ತಿಸಿದರೆ, ಸುಸ್ತಾದ ಕಾಲಿನಲ್ಲಿ ಅವರು ಇಳಿಯುವುದೂ ಬಾಕಿ ಇರುತ್ತದೆ. ಒಂದು ಸಲ ಅವರ ಮಾತಿಗೆ ಬೆಲೆ ಸಿಗದಿದ್ದರೆ ಮುಂದಿನ ಸಲ ಹೇಳುವುದೇ ಇಲ್ಲ, ಸುಮ್ನೆ ನರಳುತ್ತಾ ಬರುತ್ತಾರೆ. ಅಥವಾ ಬರುವುದೇ ಇಲ್ಲ. ಮೊದಲು ಯಾರು ಹೇಳುತ್ತಾರೋ ಅವರ ಮಾತೇ ಕೊನೆ ಅಂತ ಹೊರಡುವ ಮುಂಚೆಯೇ ಒಪ್ಪಂದ ಮಾಡಿಕೊಳ್ಳಿ. ಗುಡ್ಡ ಹತ್ತಿರದ್ದು, ಮುಂದಿನ ವಾರವೂ ಅಲ್ಲೇ ಇರುತ್ತದೆ.

ಜೊತೆಗಾರರಿಗೆ ಚಳಿ ಮಿತಿ ಮೀರಿದೆ ಅಂತ ಹೇಗೆ ತಿಳಿಯುವುದು?

ನಡುಕ ಮೊದಲ ಲಕ್ಷಣ. ಆಮೇಲೆ ಕೈ ಮರಗಟ್ಟಿ ಜಿಪ್ ಹಾಕಲು ಬಾರದು, ಕಾಲು ತಡವರಿಸುತ್ತದೆ, ಮಾತು ತೊದಲುತ್ತದೆ, ವಿನಾಕಾರಣ ಸಿಡುಕುತ್ತಾರೆ ಅಥವಾ ಮಂಕಾಗುತ್ತಾರೆ. ದೇಹದ ಒಳಗಿನ ಉಷ್ಣಾಂಶ 35 ಡಿಗ್ರಿಗಿಂತ ಕೆಳಗಿಳಿದರೆ ಅದನ್ನು ಹೈಪೋಥರ್ಮಿಯಾ ಅನ್ನುತ್ತಾರೆ. ಮಂಜುಗಡ್ಡೆ ಬೀಳುವ ಊರೇ ಆಗಬೇಕಿಲ್ಲ, 10 ಡಿಗ್ರಿಯಲ್ಲೂ ಮಳೆಗೆ ನೆನೆದು ಗಾಳಿಗೆ ಸಿಕ್ಕಿದರೆ ಬರಬಹುದು. ಮಿದುಳೂ ಮಂದವಾಗುವುದರಿಂದ ಅದು ಬಂದವರಿಗೇ ಗೊತ್ತಾಗುವುದಿಲ್ಲ, "ನನಗೇನಾಗಿಲ್ಲ" ಅನ್ನುತ್ತಾರೆ. ಜೊತೆಗೊಬ್ಬರು ಇರಬೇಕು ಅನ್ನುವುದು ಇದಕ್ಕೇ.

ಗಾಳಿಯಿಂದ ಮರೆಯಾಗಿ ಕೂರಿಸಿ. ಒದ್ದೆ ಬಟ್ಟೆ ತೆಗೆದು ಒಣದು ಹಾಕಿ. ಬರಿ ನೆಲದ ಮೇಲೆ ಕೂರಿಸಬೇಡಿ, ಚೀಲ ಹಾಕಿ ಅದರ ಮೇಲೆ ಕೂರಿಸಿ. ಪೂರ್ತಿ ಎಚ್ಚರವಿದ್ದು ನುಂಗಲು ಆಗುತ್ತಿದ್ದರೆ ಬಿಸಿ, ಸಿಹಿ ಪಾನೀಯ ಕೊಡಿ. ಮದ್ಯ ಕೊಡಲೇಬೇಡಿ. ಅದು ಚರ್ಮದ ರಕ್ತನಾಳ ಹಿಗ್ಗಿಸಿ ಬೆಚ್ಚಗಾದ ಭ್ರಮೆ ಕೊಡುತ್ತದೆ, ಒಳಗಿನ ಶಾಖ ಹೊರಗೆ ಹೋಗುತ್ತದೆ. ಕೈಕಾಲು ಜೋರಾಗಿ ಉಜ್ಜುವುದೂ ಬೇಡ. ನಡುಗುತ್ತಿದ್ದವರು ಬೆಚ್ಚಗಾಗದೆಯೇ ನಡುಗುವುದನ್ನು ನಿಲ್ಲಿಸಿದರೆ, ಗೊಂದಲದಲ್ಲಿ ಮಾತಾಡಿದರೆ, ಅದು ತುರ್ತು ಸ್ಥಿತಿ, ತಕ್ಷಣ ಸಹಾಯಕ್ಕೆ ಕರೆ ಮಾಡಿ.

ಶೂ ಎಂಥದ್ದು?

ಅಡಿಯಲ್ಲಿ ಆಳವಾದ ಹಲ್ಲುಗಳಿರುವುದು, ಇಷ್ಟೇ ಮುಖ್ಯ. ಸವೆದ ಓಟದ ಶೂ ಒದ್ದೆ ಹುಲ್ಲಿನ ಮೇಲೆ ಜಾರುತ್ತದೆ. ಹೊಸ ಬೂಟನ್ನು ನೇರ ಗುಡ್ಡಕ್ಕೆ ಹಾಕಿಕೊಂಡು ಹೋಗಬೇಡಿ, ಮನೆ ಸುತ್ತ ಕೆಲವು ದಿನ ನಡೆದು ಪಳಗಿಸಿ. ಚೀಲದಲ್ಲಿ ಒಂದು ಜೊತೆ ಒಣ ಕಾಲುಚೀಲ ಇರಲಿ.

ನೀರು ಹೆಪ್ಪುಗಟ್ಟುವಷ್ಟು ಚಳಿ ಇರುವ ಕಡೆ ಬಿಸಿಲು ಬೀಳದ ಬದಿಯನ್ನು ಅನುಮಾನದಿಂದಲೇ ನೋಡಿ. ಭೂಮಿಯ ಉತ್ತರಾರ್ಧದಲ್ಲಿ ಅದು ಗುಡ್ಡದ ಉತ್ತರದ ಬದಿ, ದಕ್ಷಿಣಾರ್ಧದಲ್ಲಿ ದಕ್ಷಿಣದ ಬದಿ. ಅಲ್ಲಿ ಮಧ್ಯಾಹ್ನವಾದರೂ ಕಲ್ಲಿನ ಮೇಲೆ ಕಣ್ಣಿಗೆ ಕಾಣದ ತೆಳುವಾದ ಮಂಜುಗಡ್ಡೆ ಇರಬಹುದು. ಅಂಥ ದಿನ ಶೂಗೆ ಸಿಕ್ಕಿಸುವ ಸಣ್ಣ ಮುಳ್ಳಿನ ಸರಪಳಿ ಉಪಯೋಗಕ್ಕೆ ಬರುತ್ತದೆ. ಅದು ಒಂದೇ ಜೊತೆ ಇದ್ದರೆ ಆ ಬದಿಗೆ ಹೋಗಬೇಡಿ.

ಹತ್ತುವುದು ಸರಿ, ಇಳಿಯುವಾಗ ಮಂಡಿ ನೋಯುತ್ತದಲ್ಲ?

ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಬ್ರೇಕಿನಂತೆ ಕೆಲಸ ಮಾಡುತ್ತದೆ. ಅಭ್ಯಾಸವಿಲ್ಲದವರಿಗೆ ಮರುದಿನಕ್ಕಿಂತ ಮೂರನೆಯ ದಿನ ಮೆಟ್ಟಿಲು ಇಳಿಯಲು ಕಷ್ಟವಾಗುವುದು ಇದರಿಂದಲೇ, ಗಾಬರಿ ಬೇಡ. ಹೆಜ್ಜೆ ಚಿಕ್ಕದಾಗಿಡಿ, ಮಂಡಿ ಸ್ವಲ್ಪ ಬಾಗಿಸಿಯೇ ಇರಲಿ, ಕಡಿದಾದ ಕಡೆ ಅಂಕುಡೊಂಕಾಗಿ ಇಳಿಯಿರಿ. ನಡಿಗೆಯ ಕೋಲುಗಳು ಭಾರದ ಒಂದು ಪಾಲನ್ನು ಕೈಗೆ ವರ್ಗಾಯಿಸುತ್ತವೆ. ಇಳಿಯುವಾಗಲೂ ನಿಧಾನದವರೇ ಮುಂದೆ. ಒಳಗೆ ಚುಚ್ಚುವಂಥ ನೋವು, ಊತ ಇದ್ದರೆ ಅದು ಸ್ನಾಯು ಸುಸ್ತಲ್ಲ, ವೈದ್ಯರಿಗೆ ತೋರಿಸಿ.

ಚಳಿಯಲ್ಲಿ ಬಾಯಾರಿಕೆಯೇ ಆಗುವುದಿಲ್ಲ. ನೀರು, ತಿಂಡಿ ಬೇಕಾ?

ಬೇಕು. ಚಳಿಗೆ ಚರ್ಮದ ರಕ್ತನಾಳಗಳು ಕಿರಿದಾಗಿ ರಕ್ತ ಒಳಭಾಗಕ್ಕೆ ಸೇರುತ್ತದೆ. ನೀರು ಹೆಚ್ಚಿದೆ ಅಂತ ತಿಳಿದು ಮೂತ್ರಪಿಂಡ ಅದನ್ನು ಹೊರಹಾಕುತ್ತದೆ, ಬಾಯಾರಿಕೆಯ ಅರಿವೂ ಕಡಿಮೆಯಾಗುತ್ತದೆ. ಹಾಗಾಗಿ ನೆನಪಿಟ್ಟುಕೊಂಡು ಕುಡಿಯಬೇಕು. ಬಿಸಿ ಪಾನೀಯದ ಫ್ಲಾಸ್ಕ್ ಒಂದಿದ್ದರೆ ಕುಡಿಯಲು ಮನಸ್ಸೂ ಬರುತ್ತದೆ. ತಿಂಡಿ, ಕೈಗವಸು ತೆಗೆಯದೆ ತಿನ್ನುವಂಥದ್ದು ಇರಲಿ. 60 ಕಿಲೋ ತೂಕದವರು 300 ಮೀಟರ್ ಏರಲು, ಏರಿಗಷ್ಟೇ, ಸುಮಾರು 170 ಕಿಲೋಕ್ಯಾಲೊರಿ ಬೇಕಾಗುತ್ತದೆ. ದೊಡ್ಡ ಊಟವೇನೂ ಬೇಡ.

ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಬಹುದಾ? ಅಸ್ತಮಾ ಇದ್ದರೆ?

ವಯಸ್ಸೊಂದೇ ಅಡ್ಡಿಯಲ್ಲ. ಆದರೆ ಚಳಿಗೆ ರಕ್ತನಾಳ ಕಿರಿದಾಗಿ ರಕ್ತದೊತ್ತಡ ಏರುತ್ತದೆ, ಅದರ ಮೇಲೆ ಏರು ಹತ್ತುವ ಶ್ರಮ. ಹೃದಯದ ತೊಂದರೆ ಇದ್ದವರು, ತುಂಬಾ ದಿನದಿಂದ ನಡೆದಿಲ್ಲದವರು ಮೊದಲು ವೈದ್ಯರನ್ನು ಕೇಳಲಿ. ತಣ್ಣನೆಯ ಒಣ ಗಾಳಿ ಅಸ್ತಮಾ ಕೆರಳಿಸಬಹುದು. ಇನ್‌ಹೇಲರ್ ಚೀಲದ ತಳದಲ್ಲಿರಬಾರದು, ಜೇಬಿನಲ್ಲಿರಲಿ, ಎಲ್ಲಿದೆ ಅಂತ ಜೊತೆಯವರಿಗೂ ಗೊತ್ತಿರಲಿ. ಮೂಗು ಬಾಯಿ ಮುಚ್ಚುವ ಮಫ್ಲರ್ ಗಾಳಿಯನ್ನು ಸ್ವಲ್ಪ ಬೆಚ್ಚಗೆ ಮಾಡುತ್ತದೆ. ನಡೆಯುವಾಗ ಎದೆ ಬಿಗಿದರೆ, ತಲೆ ಸುತ್ತಿದರೆ ಅಲ್ಲೇ ನಿಲ್ಲಬೇಕು.

ಹಿರಿಯರ ಜೊತೆ ಹೋಗುವಾಗ ನೆತ್ತಿಯನ್ನು ಗುರಿ ಮಾಡಿಕೊಳ್ಳಬೇಡಿ. ಅರ್ಧ ದಾರಿಯಲ್ಲಿ ಬಿಸಿಲು ಬೀಳುವ, ಕೂರಲು ಒಳ್ಳೆಯ ಬಂಡೆಯಿರುವ ಜಾಗವನ್ನು ಮೊದಲೇ ನೋಡಿಟ್ಟುಕೊಂಡು, ಹೊರಡುವಾಗಲೇ "ಅಲ್ಲಿವರೆಗೆ" ಅಂತ ಹೇಳಿ. ಮನಸ್ಸಾದರೆ ಅವರೇ ಮುಂದೆ ಹೋಗೋಣ ಅನ್ನುತ್ತಾರೆ.

ನನ್ನ ಜೊತೆಗಾರ ನಾಯಿ. ಅದು ಲೆಕ್ಕಕ್ಕೆ ಬರುತ್ತದಾ?

ಬರುತ್ತದೆ. ದನಕರು, ಕುರಿ, ಕಾಡುಪ್ರಾಣಿ ಇರುವ ಕಡೆ ಹಗ್ಗ ಬಿಚ್ಚಬೇಡಿ. ಹಿಮವಿದ್ದರೆ ಬೆರಳುಗಳ ನಡುವೆ ಗಡ್ಡೆ ಕಟ್ಟುತ್ತದೆ, ಆಗಾಗ ನಿಂತು ತೆಗೆಯಿರಿ. ಸಣ್ಣ ಕೂದಲಿನ ನಾಯಿಗೆ ಮೇಲೊಂದು ಹೊದಿಕೆ ಬೇಕು. ನಾಯಿ "ಸಾಕು" ಅಂತ ಬಾಯಿಬಿಟ್ಟು ಹೇಳುವುದಿಲ್ಲ, ಕಾಲೆತ್ತಿ ಕುಂಟುವುದು, ಮತ್ತೆ ಮತ್ತೆ ಕೂರುವುದು, ಹಿಂದೆ ಬೀಳುವುದು ಕಂಡರೆ ಹೇಳಿದ ಹಾಗೆಯೇ.

ಮತ್ತೆ ಮತ್ತೆ ಅದೇ ಗುಡ್ಡಕ್ಕೆ ಹೋದರೆ ಬೇಸರ ಬರುವುದಿಲ್ಲವಾ?

ನನಗೆ ಬಂದಿಲ್ಲ. ಇನ್ನೊಂದು ಬದಿಯಿಂದ ಹತ್ತಿ ನೋಡಿ, ಹತ್ತಿದ ದಾರಿಯಲ್ಲಿ ಇಳಿದು ನೋಡಿ, ಗುಡ್ಡವೇ ಬೇರೆ ಅನ್ನಿಸುತ್ತದೆ. ಸೂರ್ಯ ಹುಟ್ಟುವ ಜಾಗ ವಾರ ವಾರಕ್ಕೂ ದಿಗಂತದಲ್ಲಿ ಸರಿಯುತ್ತದೆ. ಉತ್ತರಾರ್ಧಗೋಳದಲ್ಲಿ ಡಿಸೆಂಬರ್ 21 ಅಥವಾ 22ರ ಸುಮಾರಿಗೆ ದಕ್ಷಿಣದ ತುದಿ ಮುಟ್ಟಿ ಹಿಂತಿರುಗುತ್ತದೆ. ಒಂದೇ ಗುಡ್ಡದ ಒಂದೇ ಬಂಡೆಯಿಂದ ಇದನ್ನು ಚಳಿಗಾಲವಿಡೀ ಗಮನಿಸಬಹುದು. ಹಾದಿ ಗೊತ್ತಿರುವುದರಿಂದ ಅದರ ಚಿಂತೆಯೂ ಇಲ್ಲ, ಪೂರ್ತಿ ಗಮನ ಜೊತೆಗಾರರ ಕಡೆಗೆ ಕೊಡಬಹುದು.

ಹೊರಡುವ ಮುನ್ನ ಯಾರಿಗಾದರೂ ಹೇಳಬೇಕಾ? ಇಬ್ಬರಿದ್ದೇವಲ್ಲ.

ಹೇಳಲೇಬೇಕು. ಇಬ್ಬರಲ್ಲಿ ಒಬ್ಬರ ಕಾಲು ಉಳುಕಿ, ನೆಟ್‌ವರ್ಕ್ ಇಲ್ಲದಿದ್ದರೆ ಇನ್ನೊಬ್ಬರು ಬಿಟ್ಟು ಹೋಗುವುದಾ, ಜೊತೆಗೆ ಕೂರುವುದಾ ಅನ್ನುವ ಸಂಕಟ ಬರುತ್ತದೆ. ಮೂರನೆಯವರೊಬ್ಬರಿಗೆ ವಿಷಯ ಗೊತ್ತಿದ್ದರೆ ಜೊತೆಗೆ ಧೈರ್ಯವಾಗಿ ಕೂರಬಹುದು. ಯಾವ ಗುಡ್ಡ, ಯಾವ ದಾರಿ, ಎಷ್ಟು ಹೊತ್ತಿಗೆ ಕೆಳಗಿರುತ್ತೀರಿ, ಎಷ್ಟು ಹೊತ್ತಿನವರೆಗೆ ಸುದ್ದಿ ಬರದಿದ್ದರೆ ಅವರು ಸಹಾಯಕ್ಕೆ ಫೋನ್ ಮಾಡಬೇಕು, ಈ ನಾಲ್ಕನ್ನೂ ಒಂದು ಮೆಸೇಜಿನಲ್ಲಿ ಬರೆದು ಕಳಿಸಿ. ದಾರಿಯಲ್ಲಿ ಮನಸ್ಸು ಬದಲಿಸಿ ಬೇರೆ ಗುಡ್ಡಕ್ಕೆ ಹೋದರೆ ಮತ್ತೆ ತಿಳಿಸಿ, ಇಲ್ಲದಿದ್ದರೆ ಹುಡುಕುವವರು ತಪ್ಪು ಜಾಗದಲ್ಲಿ ಹುಡುಕುತ್ತಾರೆ. ಕೆಳಗೆ ಇಳಿದ ಕೂಡಲೇ, ಶೂ ಬಿಚ್ಚುವ ಮೊದಲೇ, ಇಳಿದೆವು ಅಂತ ಅವರಿಗೆ ಒಂದು ಸಾಲು ಹಾಕಿಬಿಡಿ.